ಅಪ್ಪ ಬಿಪಿ ಮಾತ್ರೆ ನಿಲ್ಲಿಸಿಬಿಡ್ತಾರೆ, ಡಬ್ಬಿ ತರೋದಾ?

ಪ್ರಶ್ನೆ: ಅಪ್ಪನಿಗೆ 68. ಟೆಲ್ಮಿಸಾರ್ಟನ್ 40, ಆಮ್ಲೊಡಿಪಿನ್ 5. ಬಿಪಿ 130ಕ್ಕೆ ಇಳಿದ್ರೆ ಸಾಕು, "ವಾಸಿಯಾಯ್ತು" ಅಂತ ನಿಲ್ಲಿಸ್ತಾರೆ. ವಾರದ ಮಾತ್ರೆ ಡಬ್ಬಿ ತಂದ್ರೆ ಸರಿಹೋಗತ್ತಾ? ಅನುಭವ ಇದ್ದವರು ಹೇಳಿ.

ಸ್ಟ್ರಿಪ್ ಸಾಕು: ಡಬ್ಬಿ ಬೇಡವೇ ಬೇಡ. ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರತ್ತೆ, ನುಂಗೋ ಹೊತ್ತಿಗೇ ಫಾಯಿಲ್ ಒಡೀಬೇಕು. ಸ್ಟ್ರಿಪ್ ಹಿಂದೆ ಮಾರ್ಕರ್‌ನಲ್ಲಿ ಸೋಮ, ಮಂಗಳ ಅಂತ ಬರೆದು ಕಾಫಿಪುಡಿ ಡಬ್ಬದ ಪಕ್ಕ ಇಟ್ಟರಾಯ್ತು. ಲೆಕ್ಕ ತಪ್ಪೋದು ತಿಂಗಳ ಕೊನೆಗೆ: ಹತ್ತರದ್ದು ಮೂರು ತಂದ್ರೆ 31ನೇ ತಾರೀಕು ಕೈ ಖಾಲಿ, ಹದಿನಾಲ್ಕರದ್ದು ಎರಡು ತಂದ್ರೆ 28ಕ್ಕೇ ಮುಗೀತು. ಏಳು ಮಾತ್ರೆ ಉಳಿದಾಗಲೇ ಚೀಟಿ ಹಿಡಿದು ಹೊರಡಬೇಕು.

ಡಬ್ಬಿವಾಲಾ: ಫಾಯಿಲ್ ಸಮೇತ ಕತ್ತರಿಯಲ್ಲಿ ಕತ್ತರಿಸಿ ಖಾನೆಗೆ ಹಾಕಿ ಸ್ವಾಮಿ, ತೇವ ಎಲ್ಲಿಂದ ಬರತ್ತೆ? ಖಾನೆ ಖಾಲಿಯೋ ಇಲ್ಲವೋ ಕಣ್ಣಿಗೇ ಕಾಣತ್ತೆ. ಸೋಮ-ಮಂಗಳ ಬರೆದರೆ ಬೇಡದ ದಿನಾನೂ ಒಡೀತಾರೆ.

ಸ್ಟ್ರಿಪ್ ಸಾಕು: ಕಣ್ಣು ಮಂಜಾದವರು ಆ ತುಂಡನ್ನ ಫಾಯಿಲ್ ಸಮೇತ ನುಂಗ್ತಾರೆ. ಚೂಪು ಮೂಲೆ ಅನ್ನನಾಳ ಸೀಳಿದ ಕೇಸುಗಳಿವೆ. ಕತ್ತರಿ ಸಲಹೆ ಕೊಡೋ ಮೊದಲು ಯೋಚಿಸಿ.

ಕೌಂಟರ್ ಹಿಂದಿನವನು: ಇಬ್ಬರೂ ಡಬ್ಬಿಗೇ ಜೋತುಬಿದ್ದಿದ್ದೀರಿ. ಅವರು ಮರೀತಿಲ್ಲ, ಬೇಕಂತಲೇ ಬಿಡ್ತಿದ್ದಾರೆ. ಆಮ್ಲೊಡಿಪಿನ್ ಮೈಯಲ್ಲಿ ಅರ್ಧ ಇಳಿಯೋಕೇ 30ರಿಂದ 50 ಗಂಟೆ ಬೇಕು. ಹಾಗಾಗಿ ನಿಲ್ಲಿಸಿದ ಮೂರನೇ ದಿನಾನೂ ಮೆಷಿನ್ ಒಳ್ಳೇ ನಂಬರ್ ತೋರಿಸಬಹುದು, "ನೋಡು, ಏನೂ ಆಗ್ಲಿಲ್ಲ" ಅಂತಾರೆ. ಏರೋದು ಆಮೇಲೆ. ಮೆಟೊಪ್ರೊಲಾಲ್ ಅಂತ ಇನ್ನೊಂದು ಬಿಪಿ ಮಾತ್ರೆ ಇದೆ, ಅದು ಹೀಗಲ್ಲ, ದಿಢೀರ್ ನಿಲ್ಲಿಸಿದ್ರೆ ಎದೆಬಡಿತ ಏರತ್ತೆ, ಹೃದ್ರೋಗಿಗೆ ಎದೆನೋವೂ ಬರಬಹುದು. ಕಾಲು ಊದಿದೆಯಾ ಕೇಳಿ. ಆಮ್ಲೊಡಿಪಿನ್ ಊತಕ್ಕೆ ಮೂತ್ರದ ಮಾತ್ರೆ ಅಷ್ಟಾಗಿ ನಾಟಲ್ಲ, ಡೋಸ್ ಇಳಿಸೋದೋ ಬದಲಿಸೋದೋ ಡಾಕ್ಟರ್ ನೋಡ್ತಾರೆ. ಎರಡೂ ಸೇರಿದ ಒಂದೇ ಮಾತ್ರೆ ಸಿಗತ್ತೆ, ಅದನ್ನೂ ಕೇಳಿ.

ಡಬ್ಬಿವಾಲಾ: ಒಂದೇ ಮಾತ್ರೆಯಾದ್ರೆ ಊತ ಬಂದಾಗ ಒಂದನ್ನೇ ತೆಗೆಯೋದು ಹೇಗೆ? ಅಂಗಡಿಯವರಿಗೆ ಮಾರಿದ್ರೆ ಸಾಕು. ಅಂದಹಾಗೆ ರಾತ್ರಿ ಕೊಡಿ, ರಾತ್ರಿಯೇ ಒಳ್ಳೇದು.

ಕೌಂಟರ್ ಹಿಂದಿನವನು: ಬ್ರಿಟನ್‌ನ ಟೈಮ್ ಅಧ್ಯಯನದಲ್ಲಿ 21 ಸಾವಿರ ಜನರನ್ನ ನೋಡಿದ್ರು, 2022ರಲ್ಲಿ ಬಂತು: ಬೆಳಿಗ್ಗೆಗೂ ರಾತ್ರಿಗೂ ವ್ಯತ್ಯಾಸ ಇಲ್ಲ. ಮರೆಯದ ಹೊತ್ತೇ ಹೊತ್ತು. ಮಾರೋ ಆಸೆ ಇದ್ದಿದ್ರೆ ಜನೌಷಧಿಗೆ ಹೋಗಿ ಅಂತ ಹೇಳ್ತಿರಲಿಲ್ಲ.

ಸ್ಟ್ರಿಪ್ ಸಾಕು: ಜನೌಷಧಿ ಅಂತ ಎಲ್ಲಿ ಹೇಳಿದ್ರಿ? ಮೇಲೆ ಹುಡುಕಿದೆ, ಇಲ್ಲ.