ಸಹಾಯ ಬೇಕು: ಬೋರ್ಡಲ್ಲಿ ಬರ್ಗರ್ ಇದೆ, ರೊಟ್ಟಿ ಇಲ್ಲ

ಎಲ್ಲರಿಗೂ ನಮಸ್ಕಾರ ರೀ. ನಾವು ಧಾರವಾಡದವರು. ಮಗನಿಗೆ 6 ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಬಾರದ ಸ್ಥಿತಿ) ಇದೆ. ಬಾಯಿಂದ ಮಾತು ಬರುವುದಿಲ್ಲ, ಆದರೆ ಎಲ್ಲಾ ತಿಳಿಯುತ್ತದೆ. 8 ತಿಂಗಳಿಂದ ಚಿತ್ರದ ಬೋರ್ಡ್ ಮುಟ್ಟಿ ಮಾತಾಡುತ್ತಾನೆ. ಬೇಕು, ಬೇಡ, ಇನ್ನಷ್ಟು, ಸಾಕು, ನೋವು. ಅವನ ಜೊತೆ ಮಾತಾಡುವಾಗ ನಾವೂ ಅದೇ ಚಿತ್ರ ಮುಟ್ಟುತ್ತೇವೆ, ನೋಡಿಯೇ ಕಲಿಯಬೇಕಲ್ವಾ.

ಮೊನ್ನೆ ಊಟಕ್ಕೆ ಕೂತವನು ತಟ್ಟೆ ತಳ್ಳಿ "ಬೇಡ" ಮುಟ್ಟಿದ. ಆಮೇಲೆ ಬೋರ್ಡ್ ತುಂಬಾ ಬೆರಳು ಓಡಿಸಿದ. ಏನೂ ಸಿಗದೆ ಅಡುಗೆಮನೆ ಕಡೆ ನೋಡಿ ಅಳಲು ಶುರು ಮಾಡಿದ. ನಮ್ಮತ್ತೆಗೆ ಹೊಳೆಯಿತು, ಅವನಿಗೆ ಬೇಕಾಗಿದ್ದು ಶೇಂಗಾ ಚಟ್ನಿ! ಇಂಟರ್‌ನೆಟ್‌ನಿಂದ ಇಳಿಸಿದ ಬೋರ್ಡಲ್ಲಿ ಅದೆಲ್ಲಿಂದ ಬರಬೇಕು?

ರೊಟ್ಟಿ, ಗಿರ್ಮಿಟ್, ಕಟ್ಟೆ, ಜಾತ್ರೆ, ಅಜ್ಜ, ಕಾಕಾ, ಇಂಥ ನಮ್ಮ ಕಡೆಯ ಚಿತ್ರ ಯಾರಾದರೂ ಮಾಡಿದ್ದರೆ ದಯವಿಟ್ಟು ಕಳಿಸಿ. ಮಗನ ಕೈ ನಡುಗುತ್ತದೆ, ಹಾಗಾಗಿ ದೊಡ್ಡ ಚಿತ್ರ ಬೇಕು. ಐಐಟಿ ಬಾಂಬೆಯವರ ಜೆಲ್ಲೊ ಆ್ಯಪ್ (ಚಿತ್ರ ಮುಟ್ಟಿ ಮಾತಾಡುವ ಆ್ಯಪ್) ಹಳೇ ಟ್ಯಾಬಲ್ಲಿ ಚೆನ್ನಾಗಿ ನಡೆಯುತ್ತಾ? ಬಳಸಿದವರು ಹೇಳಿ.

ಇನ್ನೊಂದು. ಶಾಲೆಯಲ್ಲಿ ಬೋರ್ಡ್ ದಿನವಿಡೀ ಬ್ಯಾಗಲ್ಲೇ ಇರುತ್ತದೆ. "ಇದು ರೂಢಿ ಆದ್ರ ಮಾತ ಬರಂಗಿಲ್ರೀ" ಅಂತಾರೆ ಟೀಚರ್. ಚಿತ್ರ ಬಳಸಿದರೆ ಮಾತು ನಿಲ್ಲುವುದಿಲ್ಲ, ಕೆಲವು ಮಕ್ಕಳಿಗೆ ಹೆಚ್ಚುತ್ತದೆ ಅಂತ ನಾನು ಹೇಳಿದರೆ ತಾಯಿ ಮಾತು ಅಂತ ಸುಮ್ನೆ ತಲೆಯಾಡಿಸುತ್ತಾರೆ. ಅವರ ಕೈಗೆ ಕೊಡಲು ಸರಳ ಕನ್ನಡದಲ್ಲಿ ಒಂದು ಪುಟ ಯಾರ ಹತ್ತಿರ ಇದೆ? ಹುಬ್ಬಳ್ಳಿಯಲ್ಲಿದ್ದರೆ ನಾನೇ ಬಂದು ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ.