ನಾಯಿಯ ಹಿಂಗಾಲು ಸೋತಿದೆ, ಮೈಮೇಲೆ ಉಣ್ಣಿಗಳಿವೆ: ಯಾರಿಗಾದರೂ ಅನುಭವ ಇದೆಯೇ?

ಶಹಾಪುರದ ಒಬ್ಬ ತಾಯಿ:
ನಮ್ಮ ಮೂರು ವರ್ಷದ ನಾಯಿ ನಿನ್ನೆಯಿಂದ ಹಿಂಗಾಲು ಎಳೆಯುತ್ತಿದೆ. ಕಿವಿಯ ಸುತ್ತ ಉಣ್ಣಿಗಳಿವೆ. ಉಣ್ಣಿ ಕಚ್ಚಿದರೆ ಲಕ್ವ ಹೊಡೆಯುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಆರು ವರ್ಷದ ಮಗಳು ಇಡೀ ದಿನ ಅದರ ಜೊತೆಗೇ ಇರುತ್ತಾಳೆ. ಅವಳಿಗೂ ಅಪಾಯವೇ? ತಿಳಿದವರು ದಯವಿಟ್ಟು ಹೇಳಿ.

ಆಳಂದದಿಂದ:
ಉಣ್ಣಿ ಕಂಡ ಮಾತ್ರಕ್ಕೆ ಲಕ್ವ ಎಂದುಕೊಳ್ಳಬೇಡಿ ಅಕ್ಕ. ನಮ್ಮ ನಾಯಿಯೂ ಹೀಗೆಯೇ ಮಲಗಿತ್ತು. ಮೈ ಸುಡುತ್ತಿತ್ತು, ವಸಡು ಸುಣ್ಣದಂತೆ ಬಿಳಿಚಿತ್ತು. ರಕ್ತ ಪರೀಕ್ಷೆಯಲ್ಲಿ ಉಣ್ಣಿಯಿಂದ ಬರುವ ಎರ್ಲಿಕಿಯಾ ಸೋಂಕು ಎಂದು ಗೊತ್ತಾಯಿತು. 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟೆವು, ಉಳಿಯಿತು. ರಕ್ತ ಪರೀಕ್ಷೆ ಬಿಡಬೇಡಿ.

ಭಾಲ್ಕಿಯಿಂದ:
ನನ್ನ ಅನುಭವ ಬೇರೆ, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಹೊಲ ಕಾಯುವ ನಮ್ಮ ನಾಯಿ ಒಂದು ಬೆಳಿಗ್ಗೆ ಕಟ್ಟೆ ಹತ್ತಲಾರದೆ ನಿಂತಿತು. ಸಂಜೆಗೆ ಹಿಂಗಾಲುಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು, ರಾತ್ರಿ ಬೊಗಳುವ ದನಿಯೂ ಒಡೆಯಿತು. ಬೀದರ್‌ಗೆ ಒಯ್ದಾಗ ಪಶುವೈದ್ಯರು ಮೊದಲು ಕೇಳಿದ್ದು ಉಣ್ಣಿಯ ಬಗ್ಗೆ ಅಲ್ಲ, ರೇಬೀಸ್ ಲಸಿಕೆಯ ಬಗ್ಗೆ. ಆ ರೋಗದಲ್ಲಿಯೂ ಕಾಲು ಸೋಲುತ್ತದೆ, ದನಿ ಬದಲಾಗುತ್ತದೆ. ಅಕ್ಕ, ಮೊದಲು ಲಸಿಕೆಯ ಚೀಟಿ ನೋಡಿ. ವೈದ್ಯರು ನೋಡುವವರೆಗೆ ಮಗಳನ್ನು ದೂರ ಇಡಿ. ನಾಯಿಯ ಬಾಯಿಗೆ ಕೈ ಹಾಕಿ ಗುಳಿಗೆ ತುರುಕಬೇಡಿ.

ನಮ್ಮದಕ್ಕೆ ಲಸಿಕೆ ಆಗಿತ್ತು, ಜ್ವರವೂ ಇರಲಿಲ್ಲ. ವೈದ್ಯರು ಕೈಗವಸು ಹಾಕಿ ಕೂದಲನ್ನು ಬಿಡಿಸುತ್ತ ಹೋದರು: ಬೆರಳ ಸಂದಿ, ಬಾಲದ ಬುಡ, ತುಟಿಯ ಅಂಚು. ಕೊನೆಗೆ ಕಿವಿಯ ಮಡಿಕೆಯೊಳಗೆ ಔಡಲ ಬೀಜದಷ್ಟು ಉಬ್ಬಿದ, ಬೂದುಬಣ್ಣದ ಹೆಣ್ಣು ಉಣ್ಣಿ ಸಿಕ್ಕಿತು. ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆದರು. ಮರುದಿನ ಸಂಜೆ ನಾಯಿ ಎದ್ದು ನಿಂತಿತು. "ಇದೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ, ಆದರೆ ಲಕ್ಷಣ ಹಾಗೇ ಇದೆ" ಎಂದರು ವೈದ್ಯರು.

ನಾಲ್ಕೈದು ದಿನ ರಕ್ತ ಹೀರಿದ ಹೆಣ್ಣು ಉಣ್ಣಿಯ ಜೊಲ್ಲಿನಲ್ಲಿರುವ ವಿಷ ನರಗಳನ್ನು ಕಟ್ಟಿಹಾಕುತ್ತದೆ. ಸೋಲು ಕಾಲಿನಿಂದ ಮೇಲಕ್ಕೇರುತ್ತದೆ. ಉಸಿರಾಟಕ್ಕೆ ತಟ್ಟಿದರೆ ಜೀವಕ್ಕೇ ಸಂಚಕಾರ. ಅಮೆರಿಕದಲ್ಲಿ ಉಣ್ಣಿ ಕಿತ್ತರೆ ಸಾಮಾನ್ಯವಾಗಿ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತಾರೆ. ಆಸ್ಟ್ರೇಲಿಯದ ಉಣ್ಣಿ ಕ್ರೂರಿ; ಕಿತ್ತ ಮೇಲೂ ಒಂದೆರಡು ದಿನ ಉಲ್ಬಣಿಸಬಹುದು, ಅಲ್ಲಿ ನಾಯಿಗಳಿಗೆ ಪ್ರತಿವಿಷ ಕೊಡುತ್ತಾರೆ. ನಮ್ಮಲ್ಲಿ ಇದು ಅಪರೂಪ. ಆದರೂ ಹುಡುಕಿ ಕೀಳುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಸೀಮೆಎಣ್ಣೆ, ಬೀಡಿಯ ಬೆಂಕಿ ಮಾತ್ರ ಬೇಡವೇ ಬೇಡ. ಉಗುರಿನಿಂದ ಹಿಸುಕಲೂಬೇಡಿ, ಅದರ ರಕ್ತದಿಂದ ನಮಗೇ ಸೋಂಕು ತಗಲಬಹುದು.

ಕಲಬುರಗಿಯಿಂದ:
ನಾನು ಮಕ್ಕಳ ವಾರ್ಡಿನಲ್ಲಿ ಶುಶ್ರೂಷಕಿ. ತಂಗಿ, ಈ ಲಕ್ವ ನಾಯಿಯಿಂದ ಮಗುವಿಗೆ ಅಂಟುವುದಿಲ್ಲ. ಉಣ್ಣಿಯೇ ಮಗುವಿನ ಮೈಯಲ್ಲಿ ಕಚ್ಚಿಕೊಂಡು ದಿನಗಟ್ಟಲೆ ಉಳಿಯಬೇಕು. ಇವತ್ತೇ ಜಡೆ ಬಿಚ್ಚಿ, ಹೇನು ನೋಡುವ ಹಾಗೆ ಬೈತಲೆ ಬೈತಲೆಯಾಗಿ ನೆತ್ತಿಯನ್ನು ಬೆರಳಿನಿಂದ ತಡವಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ.

ಆದರೆ ಮಗಳು ನಡೆಯುವಾಗ ತೂರಾಡಿದರೆ ಮನೆಯಲ್ಲಿ ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಿ. ಕಾರಣ ಉಣ್ಣಿಯೇ ಆಗಿರಬೇಕಿಲ್ಲ: ನೆಲದ ಮೇಲೆ ಮಲಗುವ ಮಕ್ಕಳಿಗೆ ಕಟ್ಟುಹಾವು ಕಚ್ಚಿದರೆ ನೋವೂ ಇರದಿರಬಹುದು, ಗುರುತೂ ಕಾಣದಿರಬಹುದು. ಅದರಲ್ಲಿ ಸಾಮಾನ್ಯವಾಗಿ ಮೊದಲು ರೆಪ್ಪೆ ಜೋಲುತ್ತದೆ. 15 ವರ್ಷದೊಳಗಿನ ಮಗುವಿನ ಕೈಕಾಲು ಹಠಾತ್ತನೆ ಸೋತರೆ ಪೋಲಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಮಲದ ಮಾದರಿ ಕೇಳುತ್ತಾರೆ, ಗಾಬರಿಯಾಗಬೇಡಿ.

ಮತ್ತೆ ಭಾಲ್ಕಿಯಿಂದ:
ಒಂದು ಮಾತು ಬಿಟ್ಟುಹೋಯಿತು. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಸಂದಿಗಳನ್ನು ನೋಡಿ. ಒಂದು ಉಣ್ಣಿ ಸಾವಿರಾರು ಮೊಟ್ಟೆ ಇಡುವುದು ಅಂಥ ಬಿರುಕಿನಲ್ಲಿಯೇ. ನಾವು ಸಂದಿಗಳಿಗೆಲ್ಲ ಸಿಮೆಂಟ್ ತುಂಬಿಸಿ, ನಾಯಿ ಮಲಗುವ ಗೋಣಿಚೀಲ ಸುಟ್ಟುಹಾಕಿದೆವು.