ಸಿಇಟಿ ಆಪ್ಷನ್ ಎಂಟ್ರಿ: ಹಳೇ ಕಾಲೇಜೋ, ಬೇಕಾದ ಬ್ರಾಂಚೋ?

ಕೇಳಿದವರು: ವಿದ್ಯಾರ್ಥಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಸಿಇಟಿ ಇಂಜಿನಿಯರಿಂಗ್ ರ‍್ಯಾಂಕ್ 22 ಸಾವಿರದ ಆಸುಪಾಸು ಬಂದಿದೆ. 2ಎ (ಹಿಂದುಳಿದ ವರ್ಗ), ಗ್ರಾಮೀಣ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕಂಪ್ಯೂಟರ್ ಸೈನ್ಸ್ ಬೇಕು ಅಂತಾನೆ, ಎಲೆಕ್ಟ್ರಾನಿಕ್ಸ್ ಆದರೂ ಬೇಡ ಅನ್ನಲ್ಲ. ಬೆಂಗಳೂರಿನ ಹೊರವಲಯದ ಹೊಸ ಕಾಲೇಜಲ್ಲಿ ಸಿಎಸ್ ತಗೊಳ್ಳೋದೋ, ಹಾಸನ, ಮಂಡ್ಯ, ದಾವಣಗೆರೆ ಕಡೆಯ ಹಳೇ ಕಾಲೇಜಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ತಗೊಳ್ಳೋದೋ? ಮನೆಯಲ್ಲಿ ಇಂಜಿನಿಯರಿಂಗ್ ಓದಿದವರು ಯಾರೂ ಇಲ್ಲ. ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಹಾಕೋ ಆಪ್ಷನ್ ಎಂಟ್ರಿ ಇನ್ನೇನು ಶುರುವಾಗುತ್ತೆ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಪಿಯು ಕಾಲೇಜಿನ ಗಣಿತ ಉಪನ್ಯಾಸಕರು

ಮೇಡಂ, ಯಾವ ಕಾಲೇಜು ಅನ್ನೋದಕ್ಕಿಂತ ಮುಂಚೆ ಸೀಟು ಹೇಗೆ ಹಂಚಿಕೆಯಾಗುತ್ತೆ ಅಂತ ತಿಳಿದುಕೊಳ್ಳಿ. ಅರ್ಧಕ್ಕರ್ಧ ತಪ್ಪು ಆಗೋದು ಅಲ್ಲೇ.

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತಾ ಬರುತ್ತೆ. ಮೊದಲು ಖಾಲಿ ಕಂಡ ಸೀಟು ಕೊಟ್ಟು ಅಲ್ಲಿಗೆ ನಿಲ್ಲಿಸುತ್ತೆ. ಹಾಗಾಗಿ ಸಿಗದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವೇನೂ ಇಲ್ಲ. ‘ನಮ್ಮ ರ‍್ಯಾಂಕಿಗೆ ಅದು ಎಲ್ಲಿ ಬರುತ್ತೆ’ ಅಂತ ಒಳ್ಳೆಯ ಕಾಲೇಜನ್ನು ಕೆಳಗೆ ಇಟ್ಟವರು ಕೈಗೆ ಬರುವ ಸೀಟನ್ನೇ ಬಿಟ್ಟುಕೊಳ್ತಾರೆ. ಆದರೆ ಸೇರಲು ಮನಸ್ಸಿಲ್ಲದ ಕಾಲೇಜನ್ನು ‘ಇರಲಿ’ ಅಂತ ತುಂಬಿಸಬೇಡಿ, ಅದೇ ಬಂದುಬಿಡಬಹುದು. ಪಟ್ಟಿ ಮಾತ್ರ ಉದ್ದ ಇರಲಿ. 22 ಸಾವಿರಕ್ಕೆ ಹತ್ತೋ ಹದಿನೈದೋ ಆಪ್ಷನ್ ಸಾಲದು.

ಕಟ್‌ಆಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ನೋಡುವಾಗ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ಎದೆ ಒಡೆದುಕೊಳ್ಳಬೇಡಿ. ನಿಮ್ಮ ತಮ್ಮನಿಗೆ ಸಂಬಂಧಿಸಿದ ಮುಖ್ಯ ಕಾಲಂ ನಾಲ್ಕು: ಜಿಎಂ, 2ಎಜಿ, 2ಎಆರ್, 2ಎಕೆ. ಕೊನೆಯ ಅಕ್ಷರ ಜಿ ಇದ್ದರೆ ಸಾಮಾನ್ಯ, ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಒಂದು ಕಾಲೇಜಲ್ಲಿ ಜಿಎಂ 15,000ಕ್ಕೆ ಮುಗಿದು 2ಎಕೆ 23,000ದವರೆಗೆ ಹೋಗಿದೆ ಅಂದುಕೊಳ್ಳಿ, ಆ ಕಾಲೇಜು ನಿಮ್ಮ ಅಳತೆಯೊಳಗೇ ಇದೆ. ಇದಕ್ಕೆಲ್ಲ ಬೇರೆ ಬೇರೆ ಆಪ್ಷನ್ ಹಾಕಬೇಕಿಲ್ಲ, ಕಾಲೇಜು ಮತ್ತು ಬ್ರಾಂಚ್ ಒಂದು ಸಲ ಹಾಕಿದರೆ ಸಾಕು, ಅರ್ಹತೆ ಇರುವ ಎಲ್ಲಾ ಕೋಟಾವನ್ನೂ ವ್ಯವಸ್ಥೆಯೇ ನೋಡುತ್ತೆ. ಆದರೆ ಅರ್ಜಿಯಲ್ಲಿ ಆ ಕ್ಲೇಮ್‌ಗಳು ಮಂಜೂರಾಗಿರಬೇಕು. 1ರಿಂದ 10ನೇ ತರಗತಿವರೆಗಿನ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ ಎರಡಕ್ಕೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇದೆಯಾ, ನಾಡಕಚೇರಿಯಿಂದ ತಂದ ಜಾತಿ ಆದಾಯ ಪತ್ರದ ಆರ್‌ಡಿ ಸಂಖ್ಯೆ ಸರಿಯಾಗಿ ತಾಳೆಯಾಗಿದೆಯಾ ನೋಡಿಕೊಳ್ಳಿ. ವೆರಿಫಿಕೇಷನ್ ಸ್ಲಿಪ್‌ನಲ್ಲಿ ಗ್ರಾಮೀಣ ಅಂತ ಬಂದಿಲ್ಲದಿದ್ದರೆ 2ಎಆರ್ ಕಾಲಂ ನಿಮಗೆ ಲೆಕ್ಕಕ್ಕಿಲ್ಲ.

ಕಳೆದ ವರ್ಷದ ಮೊದಲ ಸುತ್ತು, ಕೊನೆಯ ಸುತ್ತು ಎರಡೂ ಪಟ್ಟಿ ಇಟ್ಟುಕೊಳ್ಳಿ. ಬೇರೆಡೆ ಸೀಟು ಸಿಕ್ಕವರು ಬಿಟ್ಟು ಹೋಗುವುದರಿಂದ ಕೊನೆಯ ಸುತ್ತಿನಲ್ಲಿ ರ‍್ಯಾಂಕ್ ಎಷ್ಟೋ ಮುಂದೆ ಹೋಗಿರುತ್ತೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ ಎಐಸಿಟಿಇ 2024ರಿಂದ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿ ತೆಗೆದ ಮೇಲೆ ಕೆಲವು ಕಡೆ ಸಿಎಸ್ ಸೀಟು ಒಮ್ಮೆಲೇ ಹೆಚ್ಚಾಗಿವೆ. ಅಂಥ ಕಡೆ ಹಳೇ ಕಟ್‌ಆಫ್ ಅಷ್ಟಾಗಿ ನಂಬೋ ಹಾಗಿಲ್ಲ, ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಎಲ್ಲಿ ಎಷ್ಟು ಸೀಟು ಅನ್ನೋ ಪಟ್ಟಿ) ಜೊತೆ ಹೋಲಿಸಿ.

ಸ್ವಾಯತ್ತ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕಿ

ಸರ್ ಹೇಳಿದ್ದು ಸೀಟಿನ ಲೆಕ್ಕ. ಕಾಲೇಜಿನ ವಿಷಯ ನಾನು ಹೇಳ್ತೀನಿ.

‘ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು’ ಅನ್ನುವುದರಲ್ಲೇ ಎರಡು ಬಗೆ. ಬರೀ ಸಂಯೋಜಿತ ಕಾಲೇಜಲ್ಲಿ ಪಠ್ಯವೂ ಪ್ರಶ್ನೆಪತ್ರಿಕೆಯೂ ಬೆಳಗಾವಿಯ ವಿಶ್ವವಿದ್ಯಾಲಯದಿಂದಲೇ ಬರುತ್ತೆ. ಸ್ವಾಯತ್ತ ಕಾಲೇಜಲ್ಲಿ ಪಠ್ಯ, ಪರೀಕ್ಷೆ, ಮೌಲ್ಯಮಾಪನ ಕಾಲೇಜಿನದು, ಪದವಿ ಮಾತ್ರ ವಿಟಿಯುವಿನದು. ಬೆಂಗಳೂರಿನ ಬಿಎಂಎಸ್, ಆರ್‌ವಿ, ರಾಮಯ್ಯ, ಮೈಸೂರಿನ ಎನ್‌ಐಇ, ಹಾಸನದ ಮಲ್ನಾಡ್ ಎಲ್ಲಾ ಈ ಎರಡನೇ ಬಗೆ. ಪಿಇಎಸ್ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಮೈಸೂರಿನ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಇವು ವಿಟಿಯು ಅಲ್ಲವೇ ಅಲ್ಲ, ಖಾಸಗಿ ವಿಶ್ವವಿದ್ಯಾಲಯಗಳು. ಸಿಇಟಿ ಮೂಲಕ ಇಲ್ಲಿಯೂ ಸೀಟು ಸಿಗುತ್ತೆ, ಶುಲ್ಕ ಬೇರೆ. 1917ರಲ್ಲಿ ಶುರುವಾದ ಬೆಂಗಳೂರಿನ ಯುವಿಸಿಇ ಈಗ ತನ್ನದೇ ಕಾಯ್ದೆಯಡಿ ನಡೆಯುವ ಸಂಸ್ಥೆ. ದಾವಣಗೆರೆಯ ಯುಬಿಡಿಟಿ ವಿಟಿಯುವಿನದೇ ಘಟಕ ಕಾಲೇಜು. ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಐಟಿ ಸಿಇಟಿಗೆ ಸೇರಿಲ್ಲ, ಅದಕ್ಕೆ ಜೆಇಇ ಬೇಕು.

ಸ್ವಾಯತ್ತ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಪಾಠ ಮಾಡಿದವರೇ ಪರೀಕ್ಷೆಯನ್ನೂ ಮಾಡುವಾಗ, ಪಾಠ ಗಟ್ಟಿ ಇದ್ದರೆ ಪರೀಕ್ಷೆಯೂ ಗಟ್ಟಿ, ಇಲ್ಲದಿದ್ದರೆ ಅಂಕಪಟ್ಟಿ ಮಾತ್ರ ಚೆಂದ. ತಿಳಿಯೋದು ಕಷ್ಟವಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಮೂರನೇ ಸೆಮಿಸ್ಟರ್‌ನ ಪಠ್ಯಪುಸ್ತಿಕೆ ತೆಗೆಯಿರಿ, ಪಕ್ಕದಲ್ಲಿ ವಿಟಿಯುವಿನದ್ದು ಇಡಿ. ಅಕ್ಷರಶಃ ಒಂದೇ ಇದ್ದರೆ ಸ್ವಾಯತ್ತತೆ ಬರೀ ಬೋರ್ಡಿಗೆ. ಲ್ಯಾಬ್ ಪ್ರಯೋಗಗಳ ಪಟ್ಟಿ ಬದಲಾಗಿದ್ದರೆ, ಪ್ರಾಜೆಕ್ಟಿಗೆ ಅಂಕ ಬೇರೆ ಇಟ್ಟಿದ್ದರೆ ಅಲ್ಲಿ ಯಾರೋ ಕೂತು ಕೆಲಸ ಮಾಡಿದ್ದಾರೆ.

ಇನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ‘ಎ’ ಗ್ರೇಡ್ ಅಂತ ಗೇಟಿನ ಮೇಲೆ ಬರೆದಿರ್ತಾರೆ, ಅದು ಇಡೀ ಸಂಸ್ಥೆಗೆ ಕೊಟ್ಟಿದ್ದು. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಬ್ರಾಂಚಿಗೆ ಕೊಡೋದು, ಅದೂ 3 ಅಥವಾ 6 ವರ್ಷಕ್ಕೆ. ಮೆಕ್ಯಾನಿಕಲ್‌ಗೆ ಎನ್‌ಬಿಎ ಇದ್ದು ನಿಮ್ಮ ತಮ್ಮ ಸೇರೋ ಎಐಎಂಎಲ್‌ಗೆ (ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್) ಇಲ್ಲದಿರಬಹುದು. ಬ್ರಾಂಚಿನ ಹೆಸರು, ಯಾವ ವರ್ಷದವರೆಗೆ ಅನ್ನೋದು ಎರಡನ್ನೂ ಎನ್‌ಬಿಎ ಪಟ್ಟಿಯಲ್ಲೇ ಹುಡುಕಿ. ಹೊಸ ಬ್ರಾಂಚಾದರೆ ಮೊದಲ ಬ್ಯಾಚ್ ಹೊರಬರುವ ತನಕ ಸಿಗುವುದೂ ಇಲ್ಲ, ಅದನ್ನು ದೋಷ ಅನ್ನಬೇಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಅಧ್ಯಾಪಕರ ಪಟ್ಟಿ. ಎಐಸಿಟಿಇ ಲೆಕ್ಕ 20 ವಿದ್ಯಾರ್ಥಿಗಳಿಗೆ ಒಬ್ಬರು. ವರ್ಷಕ್ಕೆ 180 ಸೀಟಿನ ವಿಭಾಗ ಅಂದರೆ ನಾಲ್ಕು ವರ್ಷಕ್ಕೆ 720 ಮಕ್ಕಳು, 36 ಅಧ್ಯಾಪಕರು ಇರಬೇಕು. ವೆಬ್‌ಸೈಟಿನಲ್ಲಿ ಎಣಿಸಿ. ಸೇರಿದ ದಿನಾಂಕವನ್ನೂ ನೋಡಿ. ಅರ್ಧಕ್ಕಿಂತ ಹೆಚ್ಚು ಜನ ಇತ್ತೀಚೆಗೆ ಸೇರಿದವರಾದರೆ ಅಲ್ಲಿ ಯಾರೂ ನಿಲ್ಲುತ್ತಿಲ್ಲ ಅಂತ ಅರ್ಥ. ಸೆಮಿಸ್ಟರ್ ನಡುವೆ ಮೇಷ್ಟ್ರು ಬದಲಾದರೆ ಡೇಟಾ ಸ್ಟ್ರಕ್ಚರ್ಸ್‌ನಂಥ ವಿಷಯ ಅರ್ಧಕ್ಕೇ ನಿಲ್ಲುತ್ತೆ, ಆಮೇಲೆ ಮೂರು ವರ್ಷವೂ ಅದರ ಕೊರತೆ ಕಾಡುತ್ತೆ.

ಪ್ಲೇಸ್‌ಮೆಂಟ್ ವಿಭಾಗದಲ್ಲಿ ಕೆಲಸ ಮಾಡುವವರು

ಪೋಸ್ಟರ್ ಮೇಲಿನ ಸರಾಸರಿ ಪ್ಯಾಕೇಜ್ ನಂಬಬೇಡಿ. ಒಂಬತ್ತು ಜನಕ್ಕೆ 4 ಲಕ್ಷ, ಒಬ್ಬನಿಗೆ 44 ಲಕ್ಷ ಬಂದರೆ ಸರಾಸರಿ 8 ಲಕ್ಷ. ಆ ಹತ್ತು ಜನರಲ್ಲಿ 8 ಲಕ್ಷದ ಸಂಬಳ ಯಾರಿಗೂ ಇಲ್ಲ. ಮೀಡಿಯನ್ (ಸಂಬಳಗಳನ್ನು ಕ್ರಮವಾಗಿ ಜೋಡಿಸಿದರೆ ನಡುವೆ ಬರೋದು) ಕೇಳಿ, ಅದು 4 ಲಕ್ಷ ಅಂತ ನಿಜ ಹೇಳುತ್ತೆ.

ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ನಲ್ಲಿ ಭಾಗವಹಿಸುವ ಕಾಲೇಜು ತಾನು ಕೊಟ್ಟ ಮಾಹಿತಿಯ ಪಿಡಿಎಫ್ ಅನ್ನು ವೆಬ್‌ಸೈಟಿನಲ್ಲಿ ಹಾಕಿರಬೇಕು. ಅದರಲ್ಲಿ ‘ಯುಜಿ 4 ವರ್ಷ’ ಅನ್ನೋ ಟೇಬಲ್ ಹುಡುಕಿ. ಒಂದು ಸಾಲನ್ನು ಎಡದಿಂದ ಬಲಕ್ಕೆ ಓದಿದರೆ ಸಾಕು: ಎಷ್ಟು ಜನ ಸೇರಿದರು, ಎರಡನೇ ವರ್ಷಕ್ಕೆ ಡಿಪ್ಲೊಮಾದಿಂದ ಎಷ್ಟು ಜನ ಬಂದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ, ಮೀಡಿಯನ್ ಸಂಬಳ ಎಷ್ಟು, ಉನ್ನತ ವ್ಯಾಸಂಗಕ್ಕೆ ಎಷ್ಟು ಜನ ಹೋದರು. ಉದಾಹರಣೆಗೆ 600 ಜನ ಸೇರಿ, 420 ಜನ ಸಮಯಕ್ಕೆ ಪಾಸಾಗಿ, 300 ಜನಕ್ಕೆ ಕೆಲಸ ಅಂತಿದ್ದರೆ, ಸೇರಿದವರ ಲೆಕ್ಕದಲ್ಲಿ ಅರ್ಧ ಜನಕ್ಕೆ ಕೆಲಸ. ಅದೇ ಕಾಲೇಜು ‘ಶೇ 95 ಪ್ಲೇಸ್‌ಮೆಂಟ್’ ಅಂತ ಹಾಕಿಕೊಳ್ಳೋದು ಹೇಗೆ? ಅರ್ಹರು ಅನ್ನೋ ಪಟ್ಟಿಯನ್ನು ಮೊದಲೇ ಚಿಕ್ಕದು ಮಾಡಿ, ಒಬ್ಬನಿಗೆ ಬಂದ ಎರಡು ಆಫರ್ ಎರಡು ಅಂತ ಎಣಿಸಿ. ಸೇರಿದವರಿಗೂ ಸಮಯಕ್ಕೆ ಪಾಸಾದವರಿಗೂ ನಡುವಿನ ಅಂತರವೇ ನಾನು ಮೊದಲು ನೋಡೋದು. ಅಂತರ ದೊಡ್ಡದಿದ್ದರೆ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಜಾಸ್ತಿ ಅಂತ, ಬ್ಯಾಕ್‌ಲಾಗ್ ಬಾಕಿ ಇದ್ದವರನ್ನು ಬಹುತೇಕ ಕಂಪನಿಗಳು ಪರೀಕ್ಷೆಗೇ ಕೂರಿಸಲ್ಲ. ಅನೇಕ ಕಂಪನಿಗಳು ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಕೇಳ್ತಾರೆ ಅನ್ನೋದೂ ತಮ್ಮನಿಗೆ ತಿಳಿದಿರಲಿ.

ಈ ಟೇಬಲ್ ಇಡೀ ಕಾಲೇಜಿಗೆ ಸೇರಿದ್ದು. ಬ್ರಾಂಚ್‌ವಾರು ಬೇಕಾದರೆ ಪ್ಲೇಸ್‌ಮೆಂಟ್ ಆಫೀಸಿಗೇ ಫೋನ್ ಮಾಡಿ ‘ಇಸಿಯಲ್ಲಿ ಎಷ್ಟು ಜನ ನೋಂದಾಯಿಸಿದ್ದರು, ಎಷ್ಟು ಜನಕ್ಕೆ ಆಯಿತು’ ಅಂತ ಕೇಳಿ. ಉತ್ತರ ಕೊಡೋ ಕಾಲೇಜು ಕೊಡುತ್ತೆ.

ಇಸಿ ಬಗ್ಗೆ ಭಯ ಬೇಡ. ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಸೇವಾ ಕಂಪನಿಗಳು ಸಾಮಾನ್ಯವಾಗಿ ಇಸಿಯವರನ್ನೂ ಕೂರಿಸುತ್ತವೆ. ಸಿಎಸ್ ಮತ್ತು ಐಎಸ್‌ಗೆ (ಇನ್ಫರ್ಮೇಷನ್ ಸೈನ್ಸ್) ಮಾತ್ರ ಅನ್ನೋ ಕಂಪನಿಗಳೂ ಇವೆ, ಅವು ಬರೋದು ಬಹಳ ಮಟ್ಟಿಗೆ ಕಾಲೇಜಿನ ಹೆಸರು ನೋಡಿ. ಕಂಪನಿಯೇ ಬಾರದ ಕಡೆ ಸಿಎಸ್ ಓದಿದರೆ ಬ್ರಾಂಚಿನ ಲಾಭ ಅಷ್ಟಾಗಿ ಸಿಗಲ್ಲ. ನನ್ನ ಅಭಿಪ್ರಾಯ ಹಳೇ ಕಾಲೇಜಿನ ಇಸಿ ಕಡೆಗೇ.

ಅಂತಿಮ ವರ್ಷದ ಸಿಎಸ್ ವಿದ್ಯಾರ್ಥಿನಿ

ಸರ್ ಹೇಳಿದ್ದರಲ್ಲಿ ಕೊನೆಯದು ಪೂರ್ತಿ ಒಪ್ಪಲ್ಲ. ಅಕ್ಕಾ, ತಮ್ಮನಿಗೆ ಸರ್ಕ್ಯೂಟ್, ಸಿಗ್ನಲ್ಸ್ ಅಂದರೆ ತಲೆನೋವು ಅಂತಿದ್ದರೆ ಇಸಿ ನಾಲ್ಕು ವರ್ಷ ಎಳೆಯೋದು ಕಷ್ಟ. ಸಿಗ್ನಲ್ಸ್, ಕಂಟ್ರೋಲ್ ಸಿಸ್ಟಮ್ಸ್, ಎಲೆಕ್ಟ್ರೊಮ್ಯಾಗ್ನೆಟಿಕ್ಸ್ ಎಲ್ಲಾ ಗಣಿತದ ಮೇಲೇ ನಿಂತಿವೆ. ಪಿಯುಸಿಯಲ್ಲಿ ಇಂಟಿಗ್ರೇಷನ್, ಕಾಂಪ್ಲೆಕ್ಸ್ ನಂಬರ್ಸ್ ಇಷ್ಟಪಟ್ಟು ಮಾಡಿದ್ದಾನಾ ಕೇಳಿ. ಹೌದು ಅಂದರೆ ಇಸಿ, ಇಲ್ಲ ಅಂದರೆ ಹಳೇ ಕಾಲೇಜಲ್ಲೇ ಐಎಸ್ ಸಿಗುತ್ತಾ ನೋಡಿ. ವಿಟಿಯು ಪಠ್ಯದಲ್ಲಿ ಸಿಎಸ್‌ಗೂ ಐಎಸ್‌ಗೂ ಮುಖ್ಯ ವಿಷಯಗಳು ಬಹುಪಾಲು ಒಂದೇ, ಕಟ್‌ಆಫ್ ಮಾತ್ರ ಸಾಮಾನ್ಯವಾಗಿ ಐಎಸ್‌ದು ಸ್ವಲ್ಪ ಸಡಿಲ. ತುಂಬಾ ಜನ ಹೆಸರು ನೋಡಿ ಬಿಟ್ಟುಬಿಡ್ತಾರೆ.

ಕಾಲೇಜು ನೋಡೋಕೆ ಹೋದರೆ ಅಡ್ಮಿಷನ್ ಮೇಳದ ದಿನ ಬೇಡ, ಕ್ಲಾಸ್ ನಡೆಯೋ ದಿನ ಹೋಗಿ. ಆಫೀಸಲ್ಲಿ ಕೇಳೋದು ಬಿಟ್ಟು ಕ್ಯಾಂಟೀನಲ್ಲಿ ಮೂರನೇ ವರ್ಷದವರನ್ನು ಹಿಡಿಯಿರಿ. ಒಂದು ಲ್ಯಾಬ್ ಬ್ಯಾಚಲ್ಲಿ ಎಷ್ಟು ಜನ, ಒಂದು ಕಂಪ್ಯೂಟರಿಗೆ ಒಬ್ಬರಾ ಇಬ್ಬರಾ? ಪ್ಲೇಸ್‌ಮೆಂಟ್ ಟ್ರೈನಿಂಗ್‌ಗೆ ಬೇರೆ ದುಡ್ಡು ಕಟ್ಟಿಸ್ಕೊಳ್ತಾರಾ? ಲೈಬ್ರರಿ ಎಷ್ಟು ಗಂಟೆವರೆಗೆ? ಹಾಸ್ಟೆಲ್ ಮೊದಲ ವರ್ಷದವರಿಗಷ್ಟೇನಾ, ನಾಲ್ಕೂ ವರ್ಷ ಇದೆಯಾ? ಕೊನೇ ಪ್ರಶ್ನೆ ಮರೀಬೇಡಿ, ಎರಡನೇ ವರ್ಷಕ್ಕೆ ಪಿಜಿ (ಪೇಯಿಂಗ್ ಗೆಸ್ಟ್) ಹುಡುಕಬೇಕಾದರೆ ಬೆಂಗಳೂರಿನ ಖರ್ಚು ಕಾಲೇಜು ಫೀಸನ್ನೇ ಮೀರಿಸಬಹುದು.

ಕನ್ನಡ ಮಾಧ್ಯಮದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಪಾಠಕ್ಕಿಂತ ಪ್ರಶ್ನೆ ಅರ್ಥ ಮಾಡಿಕೊಳ್ಳೋದೇ ತೊಡಕು. ಹಳೇ ಪ್ರಶ್ನೆಪತ್ರಿಕೆ ಈಗಲೇ ತೆಗೆದು ‘ಡಿರೈವ್’, ‘ಇಲಸ್ಟ್ರೇಟ್’, ‘ಜಸ್ಟಿಫೈ’ ಅಂದರೆ ಏನು ಬರೀಬೇಕು ಅಂತ ರೂಢಿ ಮಾಡಿಸಿ. ಹಾಜರಾತಿ ಶೇ 85 ಬೇಕು ವಿಟಿಯುನಲ್ಲಿ, ದಿನಾ ಎರಡು ಗಂಟೆ ಬಸ್ಸಲ್ಲಿ ಓಡಾಡೋ ಪ್ಲ್ಯಾನ್ ಇದ್ದರೆ ಅದನ್ನೂ ಲೆಕ್ಕ ಹಾಕಿ.

ಪಿಯು ಕಾಲೇಜಿನ ಗಣಿತ ಉಪನ್ಯಾಸಕರು

ಶುಲ್ಕದ ಮಾತು ಬಂದಿದ್ದರಿಂದ ಎರಡು ವಿಷಯ. ಹಾಸನದ ಮಲ್ನಾಡ್, ಮಂಡ್ಯದ ಪಿಇಎಸ್‌ನಂಥ (ಪಿಇಎಸ್ ವಿಶ್ವವಿದ್ಯಾಲಯ ಬೇರೆ) ಹಳೇ ಕಾಲೇಜುಗಳಲ್ಲಿ ಕೆಲವು ಬ್ರಾಂಚಿಗೆ ಸರ್ಕಾರದ ಅನುದಾನವಿದೆ, ಕೆಲವಕ್ಕಿಲ್ಲ. ಅನುದಾನಿತ ಸೀಟಿನ ಶುಲ್ಕ ಬಹಳ ಕಡಿಮೆ. ಆಪ್ಷನ್ ಹಾಕುವಾಗ ಪಕ್ಕದಲ್ಲೇ ಶುಲ್ಕ ಬರುತ್ತೆ, ನೋಡಿ ಹಾಕಿ. ಎರಡನೆಯದು ಎಸ್‌ಎನ್‌ಕ್ಯು: ಕಡಿಮೆ ಆದಾಯದ ಕುಟುಂಬದವರಿಗೆ ಮಂಜೂರಾದ ಸೀಟುಗಳ ಮೇಲೆ ಶೇ 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ವಿನಾಯಿತಿ. ಇದಕ್ಕೆ ಪೈಪೋಟಿ ಜಾಸ್ತಿ, ಆದರೂ ಆದಾಯ ಪತ್ರ ಚಾಲ್ತಿಯಲ್ಲಿದ್ದರೆ ಕೇಳಿಕೊಳ್ಳಿ.

ಅಣಕು ಹಂಚಿಕೆ ಬಂದಾಗ ಗಾಬರಿ ಬೇಡ, ಅದು ಸೀಟಲ್ಲ. ಯಾವುದು ಬಂತು ನೋಡಿ ಕ್ರಮ ತಿದ್ದಿಕೊಳ್ಳಲು ಇರೋ ಅವಕಾಶ. ನಿಜವಾದ ಸುತ್ತಿನ ನಂತರ ಚಾಯ್ಸ್ 1 ಅಂದರೆ ಒಪ್ಪಿ ಸೇರ್ತೀನಿ. 2 ಅಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯ್ತೀನಿ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ. 4 ಅಂದರೆ ಪ್ರಕ್ರಿಯೆಯಿಂದಲೇ ಹೊರಗೆ. ಯಾವುದಕ್ಕೆ ಯಾವಾಗ ಶುಲ್ಕ ಕಟ್ಟಬೇಕು ಅನ್ನೋ ನಿಯಮ ಬದಲಾಗುತ್ತಿರುತ್ತೆ, ಆ ವರ್ಷದ ಸೂಚನೆ ಓದಿಯೇ ಕ್ಲಿಕ್ ಮಾಡಿ.

ಚಾಯ್ಸ್ 2 ಆರಿಸಿದವರು ಎಡವೋದು ಒಂದೇ ಕಡೆ. ಮುಂದಿನ ಸುತ್ತಿನಲ್ಲಿ ಪಟ್ಟಿಯಲ್ಲಿ ಮೇಲಿರುವ ಯಾವುದೇ ಸೀಟು ಬಂದರೂ ಕೈಯಲ್ಲಿದ್ದದ್ದು ತಾನಾಗಿ ರದ್ದಾಗುತ್ತೆ, ವಾಪಸ್ ಕೇಳೋ ಹಾಗಿಲ್ಲ. ನಿಮ್ಮ ತಮ್ಮನಿಗೆ ಮೊದಲ ಸುತ್ತಲ್ಲಿ ಹಾಸನದ ಇಸಿ ಬಂದು, ಕಾಲೇಜು ನೋಡಿ ಬಂದ ಮೇಲೆ ಮನಸ್ಸು ಅಲ್ಲೇ ನಿಂತಿತು ಅಂದುಕೊಳ್ಳಿ. ಪಟ್ಟಿಯಲ್ಲಿ ಅದರ ಮೇಲೆ ಆ ಹೊಸ ಕಾಲೇಜಿನ ಸಿಎಸ್ ಹಾಗೇ ಇದ್ದರೆ ಎರಡನೇ ಸುತ್ತಿನಲ್ಲಿ ಅದು ಬಂದು ಹಾಸನದ್ದು ಹೋಗುತ್ತೆ. ಆಪ್ಷನ್ ತಿದ್ದುಪಡಿಗೆ ಕೊಡುವ ದಿನಗಳೊಳಗೆ ಮೇಲಿನ ಬೇಡದ ಸಾಲುಗಳನ್ನು ಅಳಿಸಿ, ಸೇವ್ ಆಗಿದೆಯಾ ನೋಡಿ, ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಸೈಬರ್ ಸೆಂಟರ್‌ಗೆ ಹೋದರೂ ಪಾಸ್‌ವರ್ಡ್, ಒಟಿಪಿ ತಮ್ಮನೇ ಹಾಕಲಿ, ಹೊರಡುವಾಗ ಲಾಗ್‌ಔಟ್ ಮಾಡಲಿ.

ಕೇಳಿದವರು: ವಿದ್ಯಾರ್ಥಿಯ ಅಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ವೆರಿಫಿಕೇಷನ್ ಸ್ಲಿಪ್ ನೋಡಿದೆವು, ಕನ್ನಡ ಮಾಧ್ಯಮ ಬಂದಿದೆ, ಗ್ರಾಮೀಣ ಬಂದಿಲ್ಲ. ಬಿಇಒ ಸಹಿ ಇರುವ ಪತ್ರ ಮನೆಯಲ್ಲೇ ಇದೆ. ಈಗ ಏನು ಮಾಡಬಹುದು?

ಪಿಯು ಕಾಲೇಜಿನ ಗಣಿತ ಉಪನ್ಯಾಸಕರು

ತಡ ಮಾಡಬೇಡಿ ಮೇಡಂ. ಕ್ಲೇಮ್ ತಿದ್ದುಪಡಿಗೆ ಅವಕಾಶ ಇದೆಯಾ ಅಂತ ಕೆಇಎ ವೆಬ್‌ಸೈಟಿನ ಪ್ರಕಟಣೆ ಇವತ್ತೇ ನೋಡಿ, ಸಹಾಯವಾಣಿಗೂ ಕೇಳಿ. ಮೂಲ ಪತ್ರ, ಎರಡು ಜೆರಾಕ್ಸ್, ಅರ್ಜಿಯ ಪ್ರಿಂಟ್, ಸ್ಲಿಪ್ ಜೊತೆಗಿರಲಿ. ಪತ್ರದಲ್ಲಿ 1ರಿಂದ 10ರವರೆಗಿನ ಪ್ರತಿ ತರಗತಿಯ ಶಾಲೆ, ಊರು, ವರ್ಷ ನಮೂದಾಗಿದೆಯಾ ಮೊದಲೇ ಓದಿ. ಒಂದು ವರ್ಷ ಬಿಟ್ಟಿದ್ದರೂ ತಿರಸ್ಕರಿಸ್ತಾರೆ. ಅದು ಸರಿಹೋಗುವ ತನಕ ಪಟ್ಟಿಯನ್ನು 2ಎಜಿ ಮತ್ತು 2ಎಕೆ ಕಾಲಂ ನೋಡಿಯೇ ತಯಾರಿಸಿಡಿ. ಗ್ರಾಮೀಣ ಮಂಜೂರಾದರೂ ಪಟ್ಟಿಯ ಕ್ರಮ ಬದಲಿಸಬೇಕಿಲ್ಲ.